ಹಿಂದಕ್ಕೆ ಸರಿಯುವ ವಿದ್ಯೆ

ಕಳೆದ ಶ್ರಾವಣದಲ್ಲಿ ಉರಿಗಾಮಿನ ಭಕ್ತರೊಬ್ಬರ ಮನೆಗೆ ಪೂಜೆ ಪ್ರಸಾದಗಳಿಗೆಂದು ಹೋಗುವ ಪ್ರಸಂಗ ಬಂದಿತು. ಬಂಗಾರಪೇಟೆಯಲ್ಲಿ ಮಾರಿಕುಪ್ಪದ ರೈಲು ಹತ್ತಿ ಉರಿಗಾಂ ನಿಲ್ದಾಣದಲ್ಲಿ ಇಳಿದೆ. ಗಣಿಯ ಕಾಲದ ಸಾಲುಮನೆಗಳ ನಡುವೆ ನಡೆದು ಬರುತ್ತಿರುವಾಗ ಓಣಿಯ ಬಾಯಿಗೆ ಅಡ್ಡಲಾಗಿ ಒಂದು ಲಾರಿ ನಿಂತಿರುವುದು ಕಣ್ಣಿಗೆ ಬಿದ್ದಿತು. ಅದರ ತುಂಬ ಇಟ್ಟಿಗೆ. ಓಣಿಯ ಕೊನೆಯಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದರು. ಲಾರಿ ಅಲ್ಲಿಗೆ ಹಿಮ್ಮುಖವಾಗಿಯೇ ಹೋಗಬೇಕಾಗಿತ್ತು. ಒಂದು ಮಗ್ಗುಲಿಗೆ ಚರಂಡಿ, ಇನ್ನೊಂದು ಮಗ್ಗುಲಿಗೆ ಕಾಂಪೌಂಡಿನ ಗೋಡೆ.

ಚಾಲಕನ ಆಸನದಲ್ಲಿದ್ದವನು ಇಪ್ಪತ್ತೆರಡರ ಆಸುಪಾಸಿನ ಹುಡುಗ. ಲಾರಿಯ ಹಿಂದೆ ಆರೇಳು ಜನ ಸೇರಿದ್ದರು. ಒಬ್ಬನು ‘ಬರಲಿ, ಬರಲಿ’ ಎನ್ನುತ್ತಿದ್ದರೆ ಇನ್ನೊಬ್ಬನು ‘ಲೆಫ್ಟಿಗೆ ಒಡಿ’ ಎನ್ನುತ್ತಿದ್ದನು. ಮತ್ತೊಬ್ಬನು ತಮಿಳಿನಲ್ಲಿ ಕೂಗಿದರೆ ಮಗದೊಬ್ಬನು ತೆಲುಗಿನಲ್ಲಿ ಗದರಿಸುತ್ತಿದ್ದನು. ಹಿಂದೆ ಸಿಕ್ಕಿಕೊಂಡಿದ್ದ ಬೈಕುಗಳ ಹಾರನ್ನು ಬೇರೆ. ಹುಡುಗನ ಮುಖ ಬೆವರಿನಿಂದ ತೊಯ್ದಿತ್ತು. ‘ಲೈಸೆನ್ಸ್ ಯಾವನಪ್ಪಾ ಕೊಟ್ಟೋನು ನಿನಗೆ’ ಎಂದು ಒಬ್ಬರು ಕೇಳಿದಾಗ ಹಲವರು ನಕ್ಕರು.

ಆಗ ಎಡಗಡೆಯ ಬಾಗಿಲು ತೆರೆದು ಅರವತ್ತು ದಾಟಿದ ಒಬ್ಬ ಹಿರಿಯ ಚಾಲಕರು ಕೆಳಗಿಳಿದರು. ಅವರು ಯಾರನ್ನೂ ಬೈಯಲಿಲ್ಲ. ‘ಎಂಜಿನ್ ಆರಿಸಿ ಕೆಳಗೆ ಬಾರಪ್ಪಾ’ ಎಂದರು. ಹುಡುಗ ಇಳಿದು ಬಂದ. ಇಬ್ಬರೂ ಲಾರಿಯ ಸುತ್ತ ಒಂದು ಪ್ರದಕ್ಷಿಣೆ ಬಂದು, ಚರಂಡಿಯ ಅಂಚನ್ನು ಕಾಲಿನಿಂದ ಒತ್ತಿ ನೋಡಿ, ಮೇಲೆ ಹಾದುಹೋಗಿದ್ದ ತಂತಿಯನ್ನು ತಲೆಯೆತ್ತಿ ನೋಡಿದರು. ಬಳಿಕ ಹಿರಿಯರು ನೆರೆದವರಿಗೆಲ್ಲ ಕೈಮುಗಿದು ಜಗುಲಿಗಳ ಮೇಲೆ ಹತ್ತಿ ನಿಲ್ಲುವಂತೆ ಕೇಳಿಕೊಂಡರು. ಸನ್ನೆ ಮಾಡಲು ತಾವೊಬ್ಬರೇ ನಿಂತರು. ಲಾರಿ ಎರಡು ಸಲ ಮುಂದಕ್ಕೆ ಬಂದು, ಮೂರನೆಯ ಸಲಕ್ಕೆ ಸಾವಕಾಶವಾಗಿ ಓಣಿಯೊಳಗೆ ಸರಿಯಿತು. ಒಂದು ಗಾಲಿಯೂ ಚರಂಡಿಗೆ ಇಳಿಯಲಿಲ್ಲ.

ನಾನು ಹೋಗಬೇಕಾಗಿದ್ದ ಮನೆಯ ಮೊಮ್ಮಗನೇ ಆ ಹುಡುಗನೆಂದು ತಿಳಿದದ್ದು ಪ್ರಸಾದಕ್ಕೆ ಕುಳಿತಾಗ. ಹಿರಿಯ ಚಾಲಕರೂ ಪಂಕ್ತಿಯಲ್ಲಿದ್ದರು. ಹುಡುಗ ಎಲೆಯ ಮುಂದೆ ತಲೆ ತಗ್ಗಿಸಿಯೇ ಕುಳಿತಿದ್ದ. ‘ಈ ಕೆಲಸ ನನ್ನಿಂದ ಆಗಲ್ಲ ತಾತಾ, ಬೆಂಗಳೂರಲ್ಲಿ ಬೇರೆ ಏನಾದ್ರೂ ನೋಡ್ಕೋತೀನಿ’ ಎಂದು ಮನೆಯ ಹಿರಿಯರಿಗೆ ಮೆಲ್ಲನೆ ಹೇಳಿದ. ಅವನ ತಂದೆಗೂ ಅಸಮಾಧಾನವಿತ್ತು. ‘ಮೂರು ತಿಂಗಳಾಯ್ತು, ಇನ್ನೂ ರಿವರ್ಸ್ ಬರಲ್ಲ ಅಂದ್ರೆ ಹೇಗೆ?’ ಎಂದು ಅವರು ಎಲ್ಲರೆದುರಿಗೆ ಅಂದುಬಿಟ್ಟರು. ಈ ಪ್ರಶ್ನೆಯೇ ಇಂದಿನ ಲೇಖನಕ್ಕೆ ಕಾರಣ. ವಾಹನ ಶಾಸ್ತ್ರ ನಾನು ಓದಿದ ವಿಷಯವಲ್ಲ. ಆ ಮಧ್ಯಾಹ್ನ ಕೇಳಿ ತಿಳಿದುದನ್ನೂ ಅನಂತರ ವಿಚಾರಿಸಿ ಅರಿತುದನ್ನೂ ಓದುಗರ ಮುಂದಿಡುತ್ತಿದ್ದೇನೆ.

ಕಾಣದ ಕಡೆಗೆ ಪಯಣ

ಕೋಲಾರದ ಚಿನ್ನದ ಗಣಿಗಳು ೨೦೦೧ರ ಫೆಬ್ರುವರಿ ಕೊನೆಯಲ್ಲಿ ಮುಚ್ಚಿದ ಮೇಲೆ ಈ ಭಾಗದ ಎಷ್ಟೋ ಮನೆಗಳ ಮಕ್ಕಳು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಿದ್ದಾರೆ. ಊರಿನಲ್ಲಿ ಉಳಿದವರಿಗೆ ಇರುವ ದಾರಿಗಳಲ್ಲಿ ಲಾರಿಯ ಕೆಲಸವೂ ಒಂದು. ೧೯೬೪ರಲ್ಲಿ ಸ್ಥಾಪನೆಯಾದ ಬಿ.ಇ.ಎಂ.ಎಲ್. ಕಾರ್ಖಾನೆ ಇಲ್ಲಿಯೇ ಇದ್ದು, ಅಲ್ಲಿ ತಯಾರಾಗುವ ಬುಲ್ಡೋಜರುಗಳೂ ಅಗೆಯುವ ಯಂತ್ರಗಳೂ ಉದ್ದನೆಯ ಟ್ರೇಲರುಗಳ ಮೇಲೇರಿಯೇ ಹೊರಗೆ ಹೋಗಬೇಕು. ಟೊಮೆಟೊ ಹಂಗಾಮಿನಲ್ಲಿ ಕೋಲಾರದ ಎ.ಪಿ.ಎಂ.ಸಿ. ಮಾರುಕಟ್ಟೆಯನ್ನು ನೋಡಿದವರಿಗೆ, ಹದಿನೈದು ಕಿಲೋ ತೂಕದ ಕ್ರೇಟುಗಳ ರಾಶಿಗಳ ನಡುವೆ ಲಾರಿಗಳು ಒಂದರ ಮಗ್ಗುಲಿಗೆ ಒಂದು ಹಿಂದಕ್ಕೆ ಸರಿದು ನಿಲ್ಲುವ ಬಗೆ ಗೊತ್ತು. ಹೆದ್ದಾರಿಯಲ್ಲಿ ನೂರಾರು ಮೈಲಿ ಓಡಿಸಿದ ಚಾಲಕನಿಗೂ ಹೊರಡುವಲ್ಲಿ ಮತ್ತು ತಲುಪುವಲ್ಲಿ ಹಿಂದಕ್ಕೆ ಸರಿಯುವ ಕೆಲಸ ತಪ್ಪಿದ್ದಲ್ಲ.

ಈ ಕೆಲಸ ಏಕೆ ಕಠಿಣ? ಹಿರಿಯ ಚಾಲಕರು ಎಲೆಯ ಪಕ್ಕದ ನೆಲದ ಮೇಲೆ ಒದ್ದೆ ಬೆರಳಿನಿಂದ ಗೆರೆ ಎಳೆದು ವಿವರಿಸಿದರು. ಮುಂದಕ್ಕೆ ಹೋಗುವಾಗ ತಿರುಗುವ ಗಾಲಿಗಳು ಚಲನೆಯ ಮುಂತುದಿಯಲ್ಲಿರುತ್ತವೆ. ಚಾಲಕನೂ ಅವುಗಳ ಮೇಲೆಯೇ ಕುಳಿತಿರುತ್ತಾನೆ. ಹಿಂದಕ್ಕೆ ಸರಿಯುವಾಗ ಅವೇ ಗಾಲಿಗಳು ಚಲನೆಯ ಬಾಲವಾಗುತ್ತವೆ. ಹಿಂಭಾಗ ಬಲಕ್ಕೆ ಹೋದರೆ ಲಾರಿಯ ಮೂತಿ ಎಡಕ್ಕೆ ಬೀಸುತ್ತದೆ. ಹೊಸಬನು ಹಿಂದಿನ ಮೂಲೆಯ ಮೇಲೆಯೇ ಕಣ್ಣಿಟ್ಟು ಮುಂದಿನ ಮೂಲೆಯನ್ನು ಗೋಡೆಗೆ ಉಜ್ಜುವುದು ಇದರಿಂದಲೇ.

ಎರಡನೆಯ ಕಾರಣ ದೃಷ್ಟಿಗೆ ಸಂಬಂಧಿಸಿದ್ದು. ಕಾರಿನಲ್ಲಿ ತಿರುಗಿ ನೋಡಿದರೆ ಹಿಂದಿನ ಗಾಜಿನಿಂದ ದಾರಿ ಕಾಣುತ್ತದೆ. ಸರಕು ತುಂಬಿದ ಲಾರಿಯಲ್ಲಿ ಬೆನ್ನ ಹಿಂದೆ ಇರುವುದು ಗೋಡೆ. ಪಕ್ಕದ ಎರಡು ಕನ್ನಡಿಗಳು ಎರಡು ಮಗ್ಗುಲನ್ನು ಮಾತ್ರ ತೋರಿಸುತ್ತವೆ. ನೇರ ಹಿಂದೆ ನಿಂತ ಮನುಷ್ಯ ಯಾವ ಕನ್ನಡಿಯಲ್ಲಿಯೂ ಕಾಣುವುದಿಲ್ಲ, ಮಗುವಾಗಿದ್ದರಂತೂ ಕೇಳಲೇಬೇಕಾಗಿಲ್ಲ. ನಮ್ಮ ದೇಶದಲ್ಲಿ ಚಾಲಕ ಬಲಗಡೆ ಕುಳಿತಿರುವುದರಿಂದ ಬಲಕ್ಕೆ ಹಿಂದೆ ಸರಿಯುವಾಗ ಕಿಟಕಿಯಿಂದ ತಲೆ ಹೊರಹಾಕಿ ಒಂದಿಷ್ಟನ್ನು ನೋಡಬಹುದು. ಎಡಕ್ಕೆ ಸರಿಯುವುದು ಹೆಚ್ಚುಕಡಿಮೆ ಕುರುಡು ಕೆಲಸ. ಆದುದರಿಂದ ಅನುಭವಿಗಳು ಸಾಧ್ಯವಾದಲ್ಲೆಲ್ಲ ಸುತ್ತು ಹಾಕಿಕೊಂಡಾದರೂ ಬಲಮಗ್ಗುಲಿನಿಂದಲೇ ಒಳಸರಿಯುವಂತೆ ಲಾರಿಯನ್ನು ತಂದು ನಿಲ್ಲಿಸುತ್ತಾರೆ. ಅರ್ಧ ಕೆಲಸ ರಿವರ್ಸ್ ಗೇರು ಹಾಕುವ ಮೊದಲೇ ಮುಗಿದಿರಬೇಕು ಎಂದು ಅವರು ಹೇಳಿದರು.

ಟ್ರೇಲರಿನ ಲೆಕ್ಕ ಇನ್ನೂ ಬೇರೆ. ಎಳೆಯುವ ಬಂಡಿ ಒಂದು, ಹೊರೆ ಹೊತ್ತ ಬಂಡಿ ಇನ್ನೊಂದು, ನಡುವೆ ಕೀಲು. ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದರೆ ಟ್ರೇಲರಿನ ಹಿಂತುದಿ ಬಲಕ್ಕೆ ಹೋಗುತ್ತದೆ. ತಪ್ಪನ್ನು ತಡವಾಗಿ ತಿದ್ದಹೊರಟರೆ ಎರಡು ಬಂಡಿಗಳೂ ಮಡಚುವ ಚಾಕುವಿನಂತೆ ಒಂದರ ಮೇಲೊಂದು ಮಡಚಿಕೊಳ್ಳುತ್ತವೆ. ಅದಕ್ಕೆ ಒಂದು ಸುಲಭ ಸೂತ್ರವುಂಟು: ನೇರವಾಗಿ ಹಿಂದೆ ಸರಿಯುವಾಗ ಯಾವ ಕನ್ನಡಿಯಲ್ಲಿ ಟ್ರೇಲರು ಹೆಚ್ಚಾಗಿ ಕಾಣತೊಡಗುತ್ತದೆಯೋ ಆ ಕಡೆಗೇ ಸ್ಟೇರಿಂಗನ್ನು ಸ್ವಲ್ಪ ತಿರುಗಿಸಬೇಕು. ಸೂತ್ರ ಒಂದು ವಾಕ್ಯದಲ್ಲಿ ಮುಗಿಯುತ್ತದೆ. ಕೈಗೆ ಅದು ಒಗ್ಗಲು ತಿಂಗಳುಗಳೇ ಬೇಕು.

ಕಲಿಸುವ ಕ್ರಮ

ನನಗೆ ನನ್ನ ಮಠದ ದಿನಗಳು ನೆನಪಾದವು. ಅಲ್ಲಿ ನಮಗೆ ಪಾಠ ಹೇಳಿದ ಗುರುಗಳಲ್ಲಿ ಒಬ್ಬರು ಸ್ವರ ತಪ್ಪಿದ ಕೂಡಲೇ ಎಲ್ಲರ ಮುಂದೆ ಹಂಗಿಸುತ್ತಿದ್ದರು. ಅವರ ಮುಂದೆ ನನಗೆ ಬರುತ್ತಿದ್ದ ಪಾಠವೂ ಮರೆತುಹೋಗುತ್ತಿತ್ತು. ಇನ್ನೊಬ್ಬರು ತಪ್ಪಿದಲ್ಲಿ ನಿಲ್ಲಿಸಿ, ‘ಹಿಂದಿನ ಸಾಲಿನಿಂದ ಬಾ’ ಎಂದಷ್ಟೇ ಹೇಳುತ್ತಿದ್ದರು. ಇಂದಿಗೂ ನನಗೆ ಕಂಠಸ್ಥವಾಗಿ ಉಳಿದಿರುವುದು ಅವರು ಹೇಳಿಕೊಟ್ಟುದೇ. ಲಾರಿಯ ವಿದ್ಯೆಯಲ್ಲಿಯೂ ಇದೇ ಮಾತು ನಿಜವೆಂದು ಆ ಹಿರಿಯರ ಕ್ರಮವನ್ನು ಕೇಳಿದಾಗ ಅನಿಸಿತು.

ಅವರು ಹೊಸಬನನ್ನು ಮೊದಲು ಓಣಿಗೆ ಕರೆದೊಯ್ಯುವುದಿಲ್ಲ. ಬಯಲಿನಲ್ಲಿ ಖಾಲಿ ಲಾರಿ. ಸುಣ್ಣದಿಂದ ಎಳೆದ ಎರಡು ಗೆರೆಗಳು. ಗೆರೆ ತುಳಿಯದಂತೆ ನೇರ ಹಿಂದಕ್ಕೆ ಬರುವುದು ಮೊದಲ ಪಾಠ. ಇದು ಕೈಗೂಡಿದ ಮೇಲೆ ಬಲ ತಿರುವು, ಕೊನೆಗೆ ಎಡ ತಿರುವು. ಆಕ್ಸಿಲರೇಟರನ್ನು ಒತ್ತಲು ಬಿಡುವುದಿಲ್ಲ. ಕ್ಲಚ್ಚಿನ ಹಿಡಿತದಲ್ಲಿ ಎಂಜಿನ್ ತನ್ನಷ್ಟಕ್ಕೆ ತೆವಳಬೇಕು. ನಡೆಯುವ ಮನುಷ್ಯನಿಗಿಂತ ಲಾರಿ ವೇಗವಾಗಿ ಹಿಂದೆ ಬಂದರೆ ಪಾಠ ಅಲ್ಲಿಗೆ ನಿಂತಿತು. ಸ್ಟೇರಿಂಗನ್ನು ಸ್ವಲ್ಪವೇ ತಿರುಗಿಸು, ಅದರ ಫಲ ಕಾಣುವ ತನಕ ಕಾಯಿ, ಬಳಿಕ ಇನ್ನಷ್ಟು ತಿರುಗಿಸು ಎನ್ನುತ್ತಾರೆ. ಲಾರಿ ತಡವಾಗಿ ಉತ್ತರ ಕೊಡುವ ಪ್ರಾಣಿಯಂತೆ. ಕಾಯಲಾರದವನು ಎರಡು ಸಲ ತಿರುಗಿಸಿ ಎರಡು ತಪ್ಪುಗಳನ್ನು ಒಟ್ಟಿಗೆ ಮಾಡುತ್ತಾನೆ.

ಎಲ್ಲಕ್ಕಿಂತ ಮುಖ್ಯವಾದದ್ದು, ವಕ್ರವಾದಾಗ ಮುಂದಕ್ಕೆ ತೆಗೆದು ನೇರ ಮಾಡಿಕೊಂಡು ಪುನಃ ಬರುವುದು. ಹೊಸಬರು ಇದನ್ನು ಸೋಲೆಂದು ತಿಳಿಯುತ್ತಾರೆ. ನೋಡುವವರು ನಗುತ್ತಾರೆಂಬ ಭಯದಿಂದ ಕೆಟ್ಟ ಕೋನದಲ್ಲಿಯೇ ಒತ್ತಿ ಒತ್ತಿ ಹಿಂದೆ ಹೋಗುತ್ತಾರೆ. ಲಾರಿಗೆ ಪೆಟ್ಟಾಗುವುದು, ಗೋಡೆ ಬೀಳುವುದು, ಕೆಲವೊಮ್ಮೆ ಜೀವವೇ ಹೋಗುವುದು ಇಂತಹ ಗಳಿಗೆಯಲ್ಲಿ. ಹಿರಿಯರು ತಮ್ಮ ಶಿಷ್ಯರಿಗೆ ಹತ್ತು ಸಲ ಮುಂದೆ ತೆಗೆಯಲು ಅನುಮತಿ ಕೊಟ್ಟಿದ್ದಾರೆ, ಹನ್ನೊಂದನೆಯದಕ್ಕೂ ಬೈಯುವುದಿಲ್ಲ.

ಇಳಿದು ನೋಡುವುದು

‘ನಿಮಗೆ ಈ ತಾಳ್ಮೆ ಎಲ್ಲಿಂದ ಬಂತು?’ ಎಂದು ನಾನು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು.

ಅವರು ಚಾಲಕರಾದ ಮೊದಲ ವರ್ಷ. ಒಂದು ಗೋದಾಮಿನಲ್ಲಿ ಸರಕು ಇಳಿಸುವ ಆತುರ. ಹಮಾಲರು ಕಾಯುತ್ತಿದ್ದರು, ಹಿಂದೆ ಇನ್ನೊಂದು ಲಾರಿ ನಿಂತಿತ್ತು, ಗುಮಾಸ್ತರು ಗದರಿಸುತ್ತಿದ್ದರು. ಕ್ಲೀನರ್ ಚೀಟಿ ತೋರಿಸಲು ಒಳಗೆ ಹೋಗಿದ್ದ. ಇವರು ಕನ್ನಡಿ ನೋಡಿ, ಯಾರೂ ಇಲ್ಲವೆಂದು ಹಿಂದಕ್ಕೆ ಬಿಟ್ಟರು. ಏನೋ ಮುರಿದ ಸದ್ದಾಯಿತು. ಇಳಿದು ನೋಡಿದರೆ ಹಿಂದಿನ ಗಾಲಿಯ ಕೆಳಗೆ ಒಂದು ಸೈಕಲ್ಲು. ಅದರ ಹ್ಯಾಂಡಲಿಗೆ ತೂಗುಹಾಕಿದ್ದ ಚಹದ ಗ್ಲಾಸುಗಳ ತಂತಿಬುಟ್ಟಿ. ಚಹ ತರುವ ಹುಡುಗ ಆ ಕ್ಷಣದಲ್ಲಿ ಗುಮಾಸ್ತರಿಗೆ ಗ್ಲಾಸು ಕೊಡಲು ಒಳಗೆ ಹೋಗಿದ್ದ.

‘ಹತ್ತು ಹೆಜ್ಜೆ ತಡವಾಗಿದ್ದರೆ ಏನಾಗ್ತಿತ್ತು ಗುರುಗಳೇ? ಸೈಕಲ್ ದುಡ್ಡು ನಾನು ಕೊಟ್ಟೆ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಅವತ್ತಿಂದ ಇಳಿದು ನೋಡದೆ ಹಿಂದೆ ತೆಗೆದದ್ದಿಲ್ಲ.’

ಅಮೆರಿಕದ ಲಾರಿ ಚಾಲಕರಲ್ಲಿ ಇದೇ ಮಾತು ಒಂದು ಸೂತ್ರವಾಗಿ ರೂಢಿಯಲ್ಲಿದೆ. ‘ಹೊರಗಿಳಿದು ನೋಡು’ ಎಂಬ ಅರ್ಥದ ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಕೂಡಿಸಿ ‘ಗೋಲ್’ ಎನ್ನುತ್ತಾರೆ. ಆ ಭಾಷೆಯಲ್ಲಿ ಅದಕ್ಕೆ ಗುರಿ ಎಂಬ ಅರ್ಥವೂ ಇದೆ. ಇತ್ತೀಚೆಗೆ ಹಿಂಬದಿಯ ಕ್ಯಾಮರಾ, ಹಿಂದೆ ಸರಿಯುವಾಗ ಕೂಗುವ ಸದ್ದುಗಳ ಸೌಕರ್ಯ ಬಂದಿದೆ. ಇವು ನೆರವಾಗುತ್ತವೆ, ಸಂದೇಹವಿಲ್ಲ. ಆದರೆ ಕೆಸರು ಮೆತ್ತಿದ ಕ್ಯಾಮರಾ ಏನನ್ನೂ ತೋರಿಸದು. ಸದ್ದನ್ನು ಕೇಳಿ ಓಡಬೇಕೆಂಬ ತಿಳಿವಳಿಕೆ ಎರಡು ವರ್ಷದ ಕೂಸಿಗೆ ಇರದು. ಕೆಳಗಿಳಿಯುವ ಎರಡು ನಿಮಿಷಕ್ಕೆ ಬದಲಿಯಾದ ಯಂತ್ರವಿಲ್ಲ.

ಸನ್ನೆಯ ಮಾತು

ಇಳಿದು ನೋಡಿದ ಮೇಲೂ ಹಿಂದೆ ನಿಂತು ದಾರಿ ತೋರುವವನು ಒಬ್ಬ ಬೇಕಾಗುತ್ತದೆ. ನಮ್ಮಲ್ಲಿ ಈ ಕೆಲಸ ಕ್ಲೀನರನದು. ನಾಳೆಯ ಚಾಲಕ ಇಂದಿನ ಕ್ಲೀನರನೇ ಆದುದರಿಂದ ಆ ಕೆಲಸವೂ ತರಬೇತಿಯ ಒಂದು ಭಾಗ. ಆದರೆ ಅದನ್ನು ಯಾರೂ ಕಲಿಸುವುದಿಲ್ಲವೆಂಬುದು ಹಿರಿಯರ ಕೊರಗು.

ಮಾತಿನಲ್ಲಿಯೇ ತೊಡಕಿದೆ. ನಮ್ಮ ಬಸ್ಸು ಲಾರಿಗಳ ಭಾಷೆಯಲ್ಲಿ ‘ರೈಟ್’ ಎಂದರೆ ಹೊರಡಬಹುದು, ಬರಬಹುದು ಎಂದರ್ಥ, ನಿಲ್ಲಿಸಲು ‘ಹೋಲ್ಡಾನ್’. ಅದೇ ‘ರೈಟ್’ ಎಂಬುದಕ್ಕೆ ಬಲಗಡೆ ಎಂಬ ಅರ್ಥವೂ ಇದೆಯಲ್ಲ! ಕ್ಲೀನರ್ ‘ರೈಟ್ ರೈಟ್’ ಎಂದು ಕೂಗಿದಾಗ ಹೊಸ ಚಾಲಕ ಬಲಕ್ಕೆ ತಿರುಗಿಸಿದ ಪ್ರಸಂಗಗಳು ಎಷ್ಟೋ. ಹಾಗೆಂದೇ ಹಿರಿಯರು ಬಾಯಿಮಾತನ್ನು ನೆಚ್ಚದೆ ಕೈಸನ್ನೆಯನ್ನು ಮೊದಲೇ ಗೊತ್ತುಮಾಡಿಕೊಳ್ಳುತ್ತಾರೆ. ಸನ್ನೆ ಮಾಡುವವನು ಒಬ್ಬನೇ ಇರಬೇಕು. ಅವನು ಲಾರಿಯ ನೇರ ಹಿಂದೆ ನಿಲ್ಲದೆ, ಚಾಲಕನ ಕನ್ನಡಿಯಲ್ಲಿ ಕಾಣುವಂತೆ ಮಗ್ಗುಲಿಗೆ ನಿಲ್ಲಬೇಕು. ಅವನು ಕನ್ನಡಿಯಿಂದ ಮರೆಯಾದ ಕ್ಷಣವೇ ಬ್ರೇಕು ಬೀಳಬೇಕು. ‘ಹೋಲ್ಡಾನ್’ ಎಂಬ ಒಂದು ಮಾತನ್ನು ಮಾತ್ರ ಯಾರು ಕೂಗಿದರೂ, ದಾರಿಹೋಕ ಮಗು ಕೂಗಿದರೂ ಪಾಲಿಸಬೇಕು.

ಈ ಮಾತಿಗೆ ಮನೆಯ ಹಿರಿಯರು ತಲೆದೂಗಿದರು. ಅವರು ಗಣಿಯಲ್ಲಿ ವೈಂಡಿಂಗ್ ಎಂಜಿನ್ ನಡೆಸುತ್ತಿದ್ದವರು. ಇಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತೆಂಬುದು ಪ್ರಸಿದ್ಧ ಸಂಗತಿ. ಕಾರ್ಮಿಕರನ್ನು ಹೊತ್ತ ಕೇಜು ಆ ಕತ್ತಲಿಗೆ ಇಳಿಯುತ್ತಿದ್ದುದು ನೆಲದ ಮೇಲೆ ಎಂಜಿನ್ ಮನೆಯಲ್ಲಿ ಕುಳಿತವರ ಕೈಯಿಂದ. ಅವರಿಗೆ ಕೇಜು ಕಾಣುತ್ತಿರಲಿಲ್ಲ. ಆಳವನ್ನು ತೋರಿಸುವ ಮುಳ್ಳು ಮತ್ತು ಗಂಟೆಯ ಸಂಕೇತ, ಇವೆರಡೇ ಆಧಾರ.

‘ಕೇಜು ಓಡ್ತಿರುವಾಗ ಒಂದು ಗಂಟೆ ಬಿದ್ರೆ ನಿಲ್ಲಿಸಬೇಕು. ಏಕೆ, ಯಾರು ಅಂತ ಕೇಳೋ ಹಾಗಿಲ್ಲ’ ಎಂದು ಅವರು ಹೇಳಿದರು. ‘ಗಂಟೆ ಸರಿಯಾಗಿ ಕೇಳಿಸದಿದ್ರೆ ಎಂಜಿನ್ ಎತ್ತೋ ಹಾಗಿಲ್ಲ, ಇನ್ನೊಂದು ಸಲ ಹೊಡೀಲಿ ಅಂತ ಕಾಯಬೇಕು. ಮೇಲೆ ಎಷ್ಟೇ ಜನ ನಿಂತು ಅವಸರ ಮಾಡಿದ್ರೂ ಅಷ್ಟೇ.’ ಬಳಿಕ ಮಗನ ಕಡೆ ತಿರುಗಿ, ‘ಆ ಕುರ್ಚಿ ಮೇಲೆ ಕೂರೋಕೆ ನನಗೆ ಎಷ್ಟು ವರ್ಷ ಹಿಡೀತು ಗೊತ್ತೇನಪ್ಪಾ? ಇವನಿಗೆ ಮೂರು ತಿಂಗಳು ಸಾಕು ಅಂತೀಯಲ್ಲ’ ಎಂದರು. ತಂದೆಯವರು ಮರುಮಾತಾಡಲಿಲ್ಲ.

ಕಾನೂನಿನ ಮಾತು

ನಮ್ಮ ಕಾನೂನು ಕೂಡ ಈ ವಿದ್ಯೆಯನ್ನು ಹಗುರವಾಗಿ ಕಂಡಿಲ್ಲ. ೧೯೮೮ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಸಾರಿಗೆ ವಾಹನ ನಡೆಸುವವನಿಗೆ ೨೦ ವರ್ಷ ತುಂಬಿರಬೇಕು. ಅದರ ಕಲಿಕಾ ಪರವಾನಗಿ ಪಡೆಯುವ ಮುನ್ನ ಲಘು ವಾಹನದ ಪರವಾನಗಿ ಕನಿಷ್ಠ ಒಂದು ವರ್ಷ ಕೈಯಲ್ಲಿರಬೇಕು. ೧೯೮೯ರ ಕೇಂದ್ರ ನಿಯಮಗಳು ಚಾಲನಾ ಪರೀಕ್ಷೆಯಲ್ಲಿ ವಾಹನವನ್ನು ಹಿಮ್ಮುಖವಾಗಿ ನಡೆಸಿ, ಇಕ್ಕಟ್ಟಾದ ಜಾಗದೊಳಗೆ ಬಲಕ್ಕೋ ಎಡಕ್ಕೋ ಹತೋಟಿಯಿಂದ ಸರಿಸಿ ತೋರಿಸಬೇಕೆಂದು ವಿಧಿಸಿವೆ. ಕಲಿಯುವವನ ಪಕ್ಕದಲ್ಲಿ ಪರವಾನಗಿಯುಳ್ಳ ಶಿಕ್ಷಕನು ವಾಹನವನ್ನು ನಿಲ್ಲಿಸಲು ಅನುವಾಗುವಂತೆ ಕುಳಿತಿರಬೇಕೆಂಬುದೂ ನಿಯಮವೇ. ಅದೇ ನಿಯಮಗಳು ಸಾರಿಗೆ ವಾಹನದ ಪಾಠಕ್ಕೆ ಕನಿಷ್ಠ ೩೦ ದಿನ ಮತ್ತು ೧೫ ಗಂಟೆಗಳ ಚಾಲನೆಯನ್ನು ಗೊತ್ತುಮಾಡಿದ್ದವು. ೨೦೨೧ರಲ್ಲಿ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳಿಗಾಗಿ ಬಂದ ನಿಯಮಗಳು ಭಾರಿ ವಾಹನಕ್ಕೆ ಆರು ವಾರಗಳಲ್ಲಿ ೩೮ ಗಂಟೆಗಳ ಪಾಠಕ್ರಮವನ್ನು ನಿಗದಿಪಡಿಸಿವೆ.

ಇವೆಲ್ಲ ಕನಿಷ್ಠ ಮಿತಿಗಳು. ಪರವಾನಗಿ ಎಂಬುದು ವಿದ್ಯೆಯ ಬಾಗಿಲು ತೆರೆದುದಕ್ಕೆ ಗುರುತು. ವಿದ್ಯೆ ಮುಗಿದುದಕ್ಕೆ ಅಲ್ಲ. ಮದುವೆಯ ಖರ್ಚಿಗೆ ತಿಂಗಳುಗಟ್ಟಲೆ ಯೋಚಿಸುವ ನಾವು ಮಗನ ಕೈಗೆ ಹತ್ತಾರು ಟನ್ನಿನ ಬಂಡಿಯನ್ನು ಕೊಡುವಾಗ ಹದಿನೈದು ದಿನದ ಅಭ್ಯಾಸಕ್ಕೆ ಲೆಕ್ಕ ಹಾಕುವುದು ವಿಚಿತ್ರವಾಗಿ ತೋರುತ್ತದೆ.

ಮನೆಯವರಿಗೆ ಒಂದು ಮಾತು

ಲಾರಿಯ ಕಾಯಕ ಕೀಳೆಂಬ ಭಾವನೆ ಕೆಲವು ಮನೆಗಳಲ್ಲಿದೆ. ೧೯೭೬ರಲ್ಲಿ ಗದಗಿನಲ್ಲಿ ವಿಜಯ ಸಂಕೇಶ್ವರರು ಒಂದೇ ಲಾರಿಯಿಂದ ಆರಂಭಿಸಿದ ಉದ್ಯಮ ಇಂದು ಸಾವಿರಾರು ಲಾರಿಗಳ ಸಂಸ್ಥೆಯಾಗಿ ಬೆಳೆದಿರುವುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅಂತಹ ಯಾವ ಸಂಸ್ಥೆಯೂ ನಿಂತಿರುವುದು ರಾತ್ರಿ ಮೂರು ಗಂಟೆಗೆ ಮಳೆಯಲ್ಲಿ ಇಳಿದು ಗಾಲಿಯ ಹಿಂದೆ ನೋಡುವ ಚಾಲಕರ ಮೇಲೆ. ಹೊಸದಾಗಿ ಕೆಲಸ ಕಲಿಯುತ್ತಿರುವ ಮಗನೋ ಅಳಿಯನೋ ನಿಮ್ಮ ಮನೆಯಲ್ಲಿದ್ದರೆ, ಎಷ್ಟು ಬೇಗ ಬಂದೆ ಎಂದು ಕೇಳಬೇಡಿ. ಇಂದು ಎಷ್ಟು ಸಲ ಇಳಿದು ನೋಡಿದೆ ಎಂದು ಕೇಳಿರಿ. ಬಾಗಿಲಲ್ಲಿ ಯಾರಾದರೂ ಹೊಸಬ ಹಿಂದೆ ಸರಿಯಲು ಹೆಣಗುತ್ತಿದ್ದರೆ ಹಾರನ್ನು ಹೊಡೆಯದೆ ಎರಡು ನಿಮಿಷ ತಡೆಯಿರಿ. ಗುಂಪಾಗಿ ಕೂಗುವುದು ಸಹಾಯವಲ್ಲ.

ಹಳ್ಳಿಯ ಮನೆಗಳಲ್ಲಿ ಟ್ರ್ಯಾಕ್ಟರು ಅಂಗಳದಲ್ಲಿಯೇ ಹಿಂದೆ ಮುಂದೆ ಓಡಾಡುತ್ತದೆ. ಸ್ವಂತ ಮನೆಯ ಬಂಡಿ, ಸ್ವಂತ ಮನೆಯ ಅಂಗಳ ಎಂಬ ಧೈರ್ಯದಲ್ಲಿ ಎಚ್ಚರ ತಪ್ಪುವುದು ಸುಲಭ. ತಂದೆಯ ಟ್ರ್ಯಾಕ್ಟರಿನ ಸದ್ದು ಕೇಳಿದರೆ ಕೂಸು ಓಡಿಬರುವುದು ಅದರ ಕಡೆಗೇ. ಎಂಜಿನ್ ಹತ್ತುವ ಮುಂಚೆ ಮನೆಯ ಹೆಣ್ಣುಮಕ್ಕಳು ಮಕ್ಕಳನ್ನೆಲ್ಲ ಜಗುಲಿಯ ಮೇಲೆ ಕೂರಿಸಿ ತಲೆ ಎಣಿಸಲಿ. ಎಣಿಕೆ ಸರಿಹೋಯಿತೆಂದು ಅವರು ಹೇಳುವ ತನಕ ಚಾಲಕ ರಿವರ್ಸ್ ಗೇರನ್ನು ಮುಟ್ಟದಿರಲಿ.

ಅಂದು ಸಂಜೆ ನಾನು ಹೊರಡುವ ಹೊತ್ತಿಗೆ ಇಟ್ಟಿಗೆ ಇಳಿಸಿ ಮುಗಿದಿತ್ತು. ಓಣಿಯಿಂದ ಹೊರಬರುವುದು ಮುಮ್ಮುಖವಾಗಿ, ಸುಲಭ. ಆದರೂ ಹುಡುಗ ಹತ್ತುವ ಮೊದಲು ತಾನಾಗಿಯೇ ಲಾರಿಯ ಸುತ್ತ ನಡೆದ. ಬಾಗಿ ಗಾಲಿಗಳ ನಡುವೆ ನೋಡಿದ. ಅಲ್ಲಿ ನೆರಳಿಗೆ ಮಲಗಿದ್ದ ಒಂದು ನಾಯಿಮರಿಯನ್ನು ಎತ್ತಿ ಜಗುಲಿಯ ಮೇಲೆ ಬಿಟ್ಟ. ಬಾಗಿಲಲ್ಲಿ ನಿಂತಿದ್ದ ತಂದೆ ಅದನ್ನು ನೋಡಿದರು. ‘ನಾಳೆಯಿಂದ ಇನ್ನೊಂದು ತಿಂಗಳು ಇವನು ನಿಮ್ಮ ಜೊತೇಲೇ ಇರಲಿ ಅಣ್ಣಾ’ ಎಂದು ಹಿರಿಯ ಚಾಲಕರಿಗೆ ಹೇಳಿದರು. ಹಿರಿಯರು ಒಪ್ಪಿ, ಎಡಗಡೆಯ ಬಾಗಿಲು ತೆರೆದು ಹತ್ತಿ ಕುಳಿತರು.